ಮೂರನೆಯ ಕೂಗು

ಕುದೂರು
21-10-2024

ಸುಚಿತ್ರಾ,

ಆಶೀರ್ವಾದ ಎಂದು ಬರೆದು ಶುರು ಮಾಡಬೇಕು. ಮನಸ್ಸಿಲ್ಲ, ಬರೆಯುತ್ತಿಲ್ಲ. ನಿನ್ನ ಫೋನು ಇಲ್ಲೇ ನಿನ್ನ ಮಗಳು ಅನು ಹತ್ತಿರ ಇದೆ. ನಿಮ್ಮಪ್ಪನ ಫೋನಿಗೆ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತಾರೆ. ದೊಡ್ಡಮಳೂರಿಗೆ ಬಂದು ನಿಮ್ಮ ಬಾಗಿಲಲ್ಲಿ ನಿಲ್ಲುವಷ್ಟು ನಾನು ಕೆಟ್ಟಿಲ್ಲ. ಅಂಗನವಾಡಿಯಲ್ಲಿ ಮಕ್ಕಳನ್ನು ಮಲಗಿಸಿ, ಹಳೆಯ ಹಾಜರಿ ಪುಸ್ತಕದಿಂದ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಬೀಗದ ಕೈ ಕಳಿಸು. ಆವತ್ತು ಸಾವನದುರ್ಗದಿಂದ ಬಂದು ಮನೆಮಂದಿಯೆಲ್ಲ ಕತ್ತಲಾಗುವವರೆಗೆ ಜಗಲಿಯ ಮೇಲೆ ಕೂತಿದ್ದೆವು. ಕೊನೆಗೆ ಚಿಕ್ಕಪ್ಪನ ಮಗ ಕನಕರಾಜು ಹಾರೆ ತಂದು ಬೀಗ ಮೀಟಿದ. ಅಪ್ಪ ಅಷ್ಟು ಹೊತ್ತೂ ಗೋಡೆಗೆ ಒರಗಿಕೊಂಡು, ನೀರು ಕೂಡ ಕುಡಿಯದೆ ಕೂತಿದ್ದರು. ಗಂಡನ ಮನೆ ಬಿಟ್ಟು ಹೋಗುವವಳಿಗೆ ಬೀಗದ ಕೈ ಕೊಟ್ಟು ಹೋಗುವಷ್ಟಾದರೂ ಬುದ್ಧಿ ಇರಬೇಕು.

ನಿನ್ನನ್ನು ಬೆಟ್ಟದಲ್ಲಿ ಬಿಟ್ಟು ಬಂದೆವು ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ನಡೆದದ್ದೇನು ಎಂದು ನಿನಗೂ ಗೊತ್ತು. ದಸರಾ ರಜ, ಎಲ್ಲಾದರೂ ಕರೆದುಕೊಂಡು ಹೋಗಿ ಎಂದು ಮಕ್ಕಳು ಪ್ರಾಣ ತಿಂದವು. ನಿನ್ನ ಗಂಡ ಸಿದ್ದರಾಮುವಿನ ಓಮ್ನಿ ಒಂದು, ಕನಕರಾಜು ಕುರಿ ಸಾಗಿಸುವ ಪಿಕಪ್ ಒಂದು, ಎರಡರಲ್ಲೂ ತುಂಬಿಕೊಂಡು ಹೋದೆವು. ಗುಡಿಯಲ್ಲಿ ಕೈ ಮುಗಿದೆವು. ಮೊದಲ ಸುತ್ತಿನ ಕೋಟೆ ಗೋಡೆಯವರೆಗೆ ಹತ್ತಿ, ಅಲ್ಲಿನ ಪಾಳು ಮಂಟಪದಲ್ಲಿ ಉಂಡೆವು. ನಾಲ್ಕು ಗಂಟೆಗೆ ಹೊರಟೆವು. ನೀನು ಕಾಣದಿದ್ದಾಗ ಗಂಟಲು ಒಣಗುವ ಹಾಗೆ ಕೂಗಿದೆವು. ನೀನು ಓ ಎನ್ನಲಿಲ್ಲ. ಪಿಕಪ್ಪಿನಲ್ಲಿ ಹೋಗಿರಬೇಕು ಎಂದು ನಾವು ಅಂದುಕೊಂಡೆವು, ಓಮ್ನಿಯಲ್ಲಿದ್ದೀಯ ಎಂದು ಕನಕ ಅಂದುಕೊಂಡ. ಇಷ್ಟೇ ಆಗಿದ್ದು. ಗೊತ್ತಾದ ಕೂಡಲೇ ನನ್ನ ತಮ್ಮ ಗಾಡಿ ತಿರುಗಿಸಿಕೊಂಡು ಹೋದ. ನೀನು ಅಲ್ಲಿರಲಿಲ್ಲ. ಎರಡು ಗಂಟೆ ಕಾಯುವ ತಾಳ್ಮೆ ಇಲ್ಲದೆ ತವರಿನ ಬಸ್ಸು ಹತ್ತಿದವಳು ನೀನು.

ಇವತ್ತು ಶಾಲೆ ಶುರುವಾಯಿತು. ಅನುಗೆ ಜಡೆ ನಾನೇ ಹಾಕಿದೆ. ಅವಳು ನಿನ್ನನ್ನು ಕೇಳಲೂ ಇಲ್ಲ.

ಬೀಗದ ಕೈಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು.

ಸರಸಮ್ಮ


ದೊಡ್ಡಮಳೂರು
27-10-2024

ಸರಸಕ್ಕನಿಗೆ,

ವಯಸ್ಸಿನಲ್ಲಿ ದೊಡ್ಡವರು, ಅದಕ್ಕೆ ನಮಸ್ಕಾರ. ಬೇರೆ ಯಾವ ಕಾರಣಕ್ಕೂ ಅಲ್ಲ.

ಬೀಗದ ಕೈ ಇದರ ಜೊತೆಗಿದೆ. ಬೀಗವನ್ನೇ ಮುರಿದ ಮೇಲೆ ಕೈ ಇಟ್ಟುಕೊಂಡು ಏನು ಮಾಡುತ್ತೀರೋ ನನಗೆ ತಿಳಿಯದು. ನನ್ನ ಬ್ಯಾಗಿನಲ್ಲಿ ಅದು ಇಲ್ಲದೇ ಹೋಗಿದ್ದರೆ ನಾನು ಬಂದಿಲ್ಲ ಎಂಬುದು ನಿಮಗೆ ಯಾವಾಗ ಗೊತ್ತಾಗುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಗೊತ್ತಾಗುತ್ತಿತ್ತೇನೋ.

ನೀವು ಕೂಗಿದ್ದು ನನಗೆ ಕೇಳಿಸಲಿಲ್ಲ. ಮಂಟಪದ ಹಿಂದೆ ಬಂಡೆಯಲ್ಲಿ ನೀರು ನಿಂತಿರುವ ದೊಣೆ ಇದೆಯಲ್ಲ, ಅಲ್ಲಿ ಸಾರಿನ ಪಾತ್ರೆ ತೊಳೆಯುತ್ತಿದ್ದೆ. ಇಳಿದು ಬಂದಾಗ ಗಾಡಿ ನಿಂತಿದ್ದ ಜಾಗದಲ್ಲಿ ನೀವು ತಿಂದೆಸೆದ ಕಡಲೆಕಾಯಿ ಸಿಪ್ಪೆ ಮಾತ್ರ ಇತ್ತು. ಕೋತಿಗಳು ಅದನ್ನು ಕೆದಕುತ್ತಿದ್ದವು. ಹತ್ತು ನಿಮಿಷ ನಾನು ನಂಬಲೇ ಇಲ್ಲ. ಗಾಡಿಯನ್ನು ಎಲ್ಲೋ ನೆರಳಿಗೆ ಹಾಕಿದ್ದಾರೆ ಎಂದುಕೊಂಡು ಆ ಕಡೆ ಈ ಕಡೆ ಓಡಾಡಿದೆ. ಆಮೇಲೆ ನಾಚಿಕೆಯಾಯಿತು. ಸಿಟ್ಟಲ್ಲ, ನಾಚಿಕೆ.

ಬಸ್ ನಿಲ್ಲುವ ಕಡೆ ಸೌತೆಕಾಯಿ ಮಾರುವ ಅನೀಸಾ ಅಂತ ಒಬ್ಬರಿದ್ದರು. ಪಕ್ಕದಲ್ಲಿ ಕೂರಿಸಿಕೊಂಡರು. "ಮನೇವ್ರು ಬರ್ತಾರೆ ಇರಮ್ಮ, ಮನೆ ಹೆಂಗಸ್ನ ಯಾರಾದ್ರೂ ಮರೀತಾರಾ" ಅಂದರು. ಒಂದೂವರೆ ಗಂಟೆ ಕಳೆದ ಮೇಲೆ ಅವರೂ ಆ ಮಾತು ಹೇಳುವುದನ್ನು ಬಿಟ್ಟರು. ಕರಡಿ ಓಡಾಡುವ ಕಾಡು, ಕೊನೆಯ ಬಸ್ಸಿಗೆ ಹತ್ತಿಬಿಡು ಎಂದರು. ಆಧಾರ್ ಕಾರ್ಡು ಬ್ಯಾಗಿನಲ್ಲಿತ್ತು. ಮಾಗಡಿ, ರಾಮನಗರ, ಚನ್ನಪಟ್ಟಣ ಎಂದು ಮೂರು ಬಸ್ಸು ಬದಲಾಯಿಸಿ ಅಪ್ಪನ ಮನೆ ಸೇರಿದೆ.

ನಿಮ್ಮ ಮನೆಯಲ್ಲಿ ಉಸಿರಾಡುವ ಯಾವುದನ್ನೂ ಎಣಿಸಬಾರದು, ಗೊತ್ತು. ಅನು ಆವತ್ತು ಪಿಕಪ್ ಹತ್ತುತ್ತಿದ್ದವರನ್ನು ಬೆರಳಿಟ್ಟು ಎಣಿಸುತ್ತಿದ್ದಳಂತೆ. "ತಲೆ ಎಣ್ಸ್‌ಬಾರ್ದು ಕಣೆ, ದೃಷ್ಟಿ ಆಯ್ತದೆ" ಎಂದು ನೀವು ಅವಳ ಕೈಗೆ ಹೊಡೆದಿರಂತೆ. ನಿಮ್ಮ ತಮ್ಮ ಇಲ್ಲಿಗೆ ಬಂದಾಗ ಅಪ್ಪನ ಹತ್ತಿರ ಹೇಳಿದರು. ಎಣಿಸಬೇಡಿ. ಆದರೆ ಮಾವ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು, ಒಂದೊಂದೇ ಕುರಿಯ ಮುಖ ನೋಡಿ ಒಳಗೆ ಬಿಡುವುದನ್ನು ನಾನು ಮದುವೆಯಾದ ದಿನದಿಂದ ನೋಡಿದ್ದೇನೆ. ಎಣಿಸದೆಯೇ "ಕರಿಕಿವಿ ಬಂದಿಲ್ಲ" ಅನ್ನುತ್ತಾರೆ. ಅಂಥ ಮನೆಯಲ್ಲಿ ಹನ್ನೊಂದು ವರ್ಷ ಮುದ್ದೆ ತಿರುವಿದವಳ ಮುಖ ಇಲ್ಲ ಎಂದು ಒಬ್ಬರಿಗೂ ಅನ್ನಿಸಲಿಲ್ಲ.

ದೀಪಾವಳಿಗೆ ಅನುವನ್ನು ಕಳಿಸಿ. ಅವಳು ನನ್ನನ್ನು ಕೇಳಲಿಲ್ಲ ಎಂಬುದು ಸುಳ್ಳು.

ಸುಚಿತ್ರಾ


ಕುದೂರು
4-11-2024

ಸುಚಿತ್ರಾ,

ಅನುವನ್ನು ಕಳಿಸಲಿಲ್ಲ, ಕಳಿಸುವುದೂ ಇಲ್ಲ. ಮಗು ಬೇಕಾದರೆ ಮಗು ಇರುವ ಮನೆಗೆ ಬಾ. ಇಲ್ಲಿ ಯಾರೂ ನಿನ್ನನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಸಿದ್ದರಾಮು ಮೂರು ಸಲ ನಿಮ್ಮೂರಿಗೆ ಬಂದ. ಮೂರು ಸಲವೂ ನಿಮ್ಮಪ್ಪ ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು ಕಳಿಸಿದರಂತೆ. ನೀನು ಒಳಗೆ ಕೂತು ಗೊಂಬೆಗೆ ಬಣ್ಣ ಬಳಿಯುತ್ತಿದ್ದೆಯಂತೆ. ಗ್ಯಾರೇಜು ಮುಚ್ಚಿ, ಗಿರಾಕಿಗಳ ಬೈಗುಳ ತಿಂದು ಬಂದವನಿಗೆ ಮುಖ ತೋರಿಸುವಷ್ಟು ಸೌಜನ್ಯವೂ ಇಲ್ಲದವಳು ನನಗೆ ಮುಖದ ಪಾಠ ಹೇಳುತ್ತೀಯ.

ಈಗ ನಿನ್ನ ಪಾತ್ರೆಯ ವಿಷಯಕ್ಕೆ ಬರುತ್ತೇನೆ. ದೊಣೆಯಲ್ಲಿ ಸಾರಿನ ಪಾತ್ರೆ ತೊಳೆಯುತ್ತಿದ್ದೆ ಅಂದೆಯಲ್ಲ, ಯಾವ ಪಾತ್ರೆ ತಾಯಿ? ಸಾರಿನ ಪಾತ್ರೆ, ಮುದ್ದೆ ಡಬ್ಬಿ, ತಟ್ಟೆಗಳು ಎಲ್ಲ ಓಮ್ನಿಯಲ್ಲೇ ಇದ್ದವು. ಊಟವಾದ ಕೂಡಲೇ ನಾನೇ ಚೀಲಕ್ಕೆ ಹಾಕಿ ಕೆಳಗೆ ಕಳಿಸಿದ್ದೆ. ಮಾರನೇ ದಿನ ಹುಳಿ ವಾಸನೆ ಹೊಡೆಯುತ್ತಿದ್ದ ಪಾತ್ರೆಗಳನ್ನು ಬೂದಿ ಹಾಕಿ ಉಜ್ಜಿದವಳೂ ನಾನೇ. ಸುಳ್ಳು ಹೇಳುವವಳು ಒಸಿ ನೆನಪಿಟ್ಟುಕೊಂಡು ಹೇಳಬೇಕು. ಸೌತೆಕಾಯಿ ಮಾರುವವರ ಹತ್ತಿರ ಫೋನು ಇರಲಿಲ್ಲವೇ? ನಿನ್ನ ಗಂಡನ ನಂಬರು ಮರೆತುಹೋಗಿತ್ತೇ?

ನೀನು ಸಿಟ್ಟು ಮಾಡಿಕೊಂಡು ಕೂತಿದ್ದೆ. ಯಾಕೆ ಎಂದು ಹೇಳಲೇ? ಊಟವಾದ ಮೇಲೆ ಕೋಟೆ ಗೋಡೆಯ ಮೇಲೆ ಕೂತು, ನಾಳೆ ಸಂತೆಗೆ ಹೋಗುತ್ತೇನೆ ಎನ್ನುವ ಹಾಗೆ ಹೇಳಿದೆ. ಚನ್ನಪಟ್ಟಣದಲ್ಲಿ ಹೆಂಗಸರಿಗೆ ಗೊಂಬೆ ಕೆಲಸ ಕಲಿಸುವ ಉದ್ಯೋಗ ಸಿಕ್ಕಿದೆ, ಮುಂದಿನ ಜೂನಿಗೆ ಅನುವನ್ನು ಅಲ್ಲಿಯ ಶಾಲೆಗೆ ಸೇರಿಸುತ್ತೇನೆ, ಇವರಿಗೂ ಅಲ್ಲೇ ಗ್ಯಾರೇಜು ನೋಡೋಣ ಅಂದೆ. ಅದನ್ನು ಹೇಳುವುದಕ್ಕೆ ಮೊದಲು ಯಾರನ್ನು ಕೇಳಿದ್ದೆ? ನಾನು ಅಂದ ಮಾತನ್ನು ನುಂಗಿಕೊಳ್ಳುವುದಿಲ್ಲ. "ಓಗೋದಾದ್ರೆ ಒಬ್ಳೇ ಓಗು, ಮಗೀನ ಕರ್ಕಂಡೋಗಾಕೆ ಬುಡಾಕಿಲ್ಲ" ಅಂದೆ. ಈಗಲೂ ಅದನ್ನೇ ಅನ್ನುತ್ತೇನೆ.

ಅಪ್ಪ ಕುರಿ ಎಣಿಸುವುದಿಲ್ಲ, ಅವರಪ್ಪನೂ ಎಣಿಸಲಿಲ್ಲ. ಎಷ್ಟಿವೆ ಎಂದು ಯಾರಾದರೂ ಕೇಳಿದರೆ "ಅವೆ ಒಸಿ" ಎನ್ನುತ್ತಾರೆ. ಕಣ್ಣು ಬೀಳಬಾರದು ಎಂದು ದೊಡ್ಡವರು ನಡೆಸಿಕೊಂಡು ಬಂದದ್ದನ್ನು ನಿನಗಾಗಿ ಬದಲಾಯಿಸಲು ಆಗುವುದಿಲ್ಲ.

ಸರಸಮ್ಮ


ದೊಡ್ಡಮಳೂರು
12-11-2024

ಸರಸಕ್ಕ,

ನಿಮ್ಮ ಕಾಗದ ಓದುವಾಗ ಗೊಂಬೆಗೆ ಬಣ್ಣ ಹಾಕುವ ಅರಗಿನ ಕಡ್ಡಿ ಕೈಯಲ್ಲೇ ಮುರಿಯಿತು. ಅಪ್ಪ ಮರ ಕಡೆಯುವ ಲೇತ್ ನಿಲ್ಲಿಸಿ "ಏನಾಯ್ತವ್ವ" ಅಂದರು. ಏನಿಲ್ಲ ಅಂದೆ.

ದೀಪಾವಳಿಗೆ ಅನುಗೆಂದು ಹಸಿರು ಲಂಗ ಹೊಲಿಸಿಟ್ಟಿದ್ದೆ. ಮೂರು ದಿನವೂ ಬಸ್ ನಿಲ್ದಾಣಕ್ಕೆ ಹೋಗಿ ನಿಂತು ಬಂದೆ. ಇದನ್ನು ನಿಮಗೆ ಬರೆಯಬಾರದು ಎಂದುಕೊಂಡಿದ್ದೆ, ಓದಿ ಸಂತೋಷಪಡುತ್ತೀರಿ ಎಂದು. ಪಡಿ.

ಹೌದು, ಅನೀಸಾ ಫೋನ್ ಕೊಟ್ಟರು. ನಾನೇ ಬೇಡ ಅಂದೆ. ನನ್ನನ್ನು ಮರೆತು ಹೋಗಿದ್ದೀರಿ, ದಯವಿಟ್ಟು ಬಂದು ಎತ್ತಿಕೊಂಡು ಹೋಗಿ ಎಂದು ಬೇರೆಯವರ ಫೋನಿನಲ್ಲಿ ನನ್ನ ಗಂಡನನ್ನು ಕೇಳಬೇಕಿತ್ತೇ? ನನಗೂ ಮಾನ ಇದೆ.

ಎಣಿಸಬಾರದು ಎಂಬ ನಿಮ್ಮ ದೊಡ್ಡ ನಿಯಮದ ಬಗ್ಗೆ ಒಂದು ಮಾತು. ಬೆಳಿಗ್ಗೆ ಎದ್ದರೆ ಅಂಗನವಾಡಿಗೆ ಹೋಗಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಲೆ ಮುಟ್ಟಿ ಇಪ್ಪತ್ತೆರಡು ಎಂದು ರಿಜಿಸ್ಟರಿನಲ್ಲಿ ಬರೆಯುವವರು ನೀವು. ಮಧ್ಯಾಹ್ನ ಮೊಟ್ಟೆ ಕೊಡುವಾಗ ಇನ್ನೊಂದು ಸಲ ಎಣಿಸುತ್ತೀರಿ. ಆ ಮಕ್ಕಳಿಗೆ ದೃಷ್ಟಿ ತಗಲುವುದಿಲ್ಲವೇ? ಊರ ಮಕ್ಕಳಿಗೆ ಒಂದು ನಿಯಮ, ಮನೆಯವರಿಗೆ ಒಂದು. ಅನುವಿನ ಬೆರಳಿಗೆ ಹೊಡೆಯದೆ ಇದ್ದಿದ್ದರೆ ಆ ಒಂಬತ್ತು ವರ್ಷದ ಮಗು ನಿಮಗೆಲ್ಲರಿಗಿಂತ ಮೊದಲೇ ಹೇಳುತ್ತಿತ್ತು, ಅಮ್ಮ ಯಾವ ಗಾಡಿಯಲ್ಲೂ ಇಲ್ಲ ಎಂದು.

ಇನ್ನು ನಿಮ್ಮ ಗಂಟಲು. ಒಣಗುವ ಹಾಗೆ ಕೂಗಿದಿರಂತೆ. ಕೂಗಿದ್ದು ಎರಡೇ ಸಲ. ಎರಡು ಸಲಕ್ಕೆ ಯಾರ ಗಂಟಲೂ ಒಣಗುವುದಿಲ್ಲ. ಮಾವ ತಪ್ಪಿಸಿಕೊಂಡ ಒಂದು ಮರಿಗೆ ಹಳ್ಳದ ಉದ್ದಕ್ಕೂ ಕೂಗುತ್ತಾ ಹೋಗುತ್ತಾರೆ. ನನಗೆ ಎರಡು ಕೂಗಿನ ಯೋಗ್ಯತೆ.

ಹೊಸ ವರ್ಷದಿಂದ ಕೆಲಸಕ್ಕೆ ಸೇರುತ್ತೇನೆ. ಯಾರನ್ನೂ ಕೇಳುವುದಿಲ್ಲ. ಆ ಹೊಸ್ತಿಲನ್ನು ನಾನಾಗಿ ತುಳಿಯುವುದೂ ಇಲ್ಲ.

ಸುಚಿತ್ರಾ


ಕುದೂರು
18-11-2024

ಸುಚಿತ್ರಾ,

ಹೆಚ್ಚು ಬರೆಯುವುದಿಲ್ಲ. ನನ್ನದೊಂದೇ ಪ್ರಶ್ನೆ.

ಕೂಗಿದ್ದು ಎರಡೇ ಸಲ ಎಂದು ನಿನಗೆ ಹೇಗೆ ಗೊತ್ತು?

ಸಿದ್ದರಾಮುವನ್ನು ಕೇಳಿದೆ. ಅವನು ನಿನಗಾಗಲಿ ನಿಮ್ಮಪ್ಪನಿಗಾಗಲಿ ಎಷ್ಟು ಸಲ ಎಂದು ಹೇಳಿಲ್ಲ. ಕೂಗಿದೆ ಎಂದಷ್ಟೇ ಹೇಳಿದ್ದಾನೆ. ಪಿಕಪ್ ಹೊರಟ ಮೇಲೆ ನಿನ್ನನ್ನು ಹುಡುಕಿ ಮತ್ತೆ ಗೋಡೆಯವರೆಗೆ ಹತ್ತಿ ಬಂದವರು ಅವನು, ನಾನು. ಮೂರನೆಯವರು ಯಾರೂ ಕಾಣಲಿಲ್ಲ. ಕೇಳಿಸಲೇ ಇಲ್ಲ ಎಂದು ಬರೆದವಳು ನೀನೇ, ನಿನ್ನ ಕಾಗದ ನನ್ನ ಟ್ರಂಕಿನಲ್ಲಿದೆ.

ನೀನು ಕೇಳಿಸಿಕೊಂಡೂ ಸುಮ್ಮನೆ ಅಡಗಿ ಕೂತಿದ್ದೆ. ನಮ್ಮನ್ನು ಗೋಳು ಹುಯ್ದುಕೊಳ್ಳಲು ಕೂತೆ. ಈಗ ಬಿಟ್ಟು ಬಂದರು ಎಂದು ಊರ ಮುಂದೆ ಅಳುತ್ತಿದ್ದೀಯ. ನಿನ್ನ ಎರಡೂ ಕಾಗದಗಳನ್ನು ಸಿದ್ದರಾಮುವಿಗೆ ತೋರಿಸುತ್ತೇನೆ. ಬೇಕಾದರೆ ನಿಮ್ಮಪ್ಪನನ್ನೂ ನಾಲ್ಕು ಜನರನ್ನೂ ಕೂರಿಸಿ ಓದಿಸುತ್ತೇನೆ. ಅದು ಬೇಡ ಎಂದಿದ್ದರೆ ತೆಪ್ಪಗೆ ಮನೆಗೆ ಬಾ. ಆ ಗೊಂಬೆ ಕೆಲಸದ ಮಾತು ಇನ್ನೊಮ್ಮೆ ಎತ್ತಬೇಡ.

ಸರಸಮ್ಮ


ದೊಡ್ಡಮಳೂರು
15-12-2024

ಸರಸಕ್ಕ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಹೆದರಿದ್ದೆ. ನೀವು ಕಾಗದ ಓದಿಸುತ್ತೀರಿ ಎಂದು ಪ್ರತಿದಿನ ಕಾದೆ. ಈಗ ಹೆದರಿಕೆ ಹೋಗಿದೆ, ಬರೆಯುತ್ತಿದ್ದೇನೆ.

ಹೌದು, ಕೇಳಿಸಿತು. ದೊಣೆಯ ಹತ್ತಿರ ಇರಲಿಲ್ಲ. ಕೋಟೆ ಗೋಡೆ ಒಂದು ಕಡೆ ಕುಸಿದು ಸಂದಿಯಾಗಿದೆಯಲ್ಲ, ಅರಳಿಯ ಬೇರು ಕಲ್ಲನ್ನು ತಬ್ಬಿಕೊಂಡಿರುವ ಕಡೆ, ಅಲ್ಲಿ ಕೂತು ಅಳುತ್ತಿದ್ದೆ. ಒಬ್ಬಳೇ ಹೋಗು ಎಂದಿರಲ್ಲ, ಅದಕ್ಕಲ್ಲ. ನೀವು ಹಾಗೆ ಅಂದಾಗ ನಿಮ್ಮ ತಮ್ಮ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಏನೂ ಹೇಳಲಿಲ್ಲ. ಅದಕ್ಕೆ. ಎದುರಿಗೆ ಮಂಚನಬೆಲೆ ಡ್ಯಾಮಿನ ನೀರು ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿದೆ ಎಂದು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ.

ಅವರು ಮೊದಲ ಸಲ "ಸುಚೀ" ಎಂದರು. ಮದುವೆಯಾದ ಹೊಸತರಲ್ಲಿ ಹಾಗೆ ಕರೆಯುತ್ತಿದ್ದರು. ನನಗೆ ಎದ್ದು ಹೋಗಬೇಕು ಅನ್ನಿಸಿತು. ತಡೆದುಕೊಂಡೆ. ಎರಡನೆಯ ಸಲ "ಸುಚಿತ್ರಾ, ಎಲ್ಲಿದ್ದೀಯೆ" ಎಂದು ಜೋರಾಗಿ ಕೂಗಿದರು, ದನಿಯಲ್ಲಿ ಗಾಬರಿ ಇತ್ತು. ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಅವರಿಗೆ ಗಾಬರಿಯಾದದ್ದು ಕೇಳಿ ಸಂತೋಷವಾಯಿತು. ಇನ್ನೊಂದು ಸಲ ಕೂಗಿದರೆ ಎದ್ದು ಬರುತ್ತೇನೆ ಎಂದು ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಕಲ್ಲು ಹಿಡಿದು ನಿಂತಿದ್ದೆ.

ಕೂಗಲಿಲ್ಲ. ಕಾಲಿನ ಸದ್ದು ಇಳಿದು ಹೋಯಿತು. ಆಮೇಲೆ ಗಾಡಿ ಹೊರಟ ಸದ್ದು ಕೇಳಿಸಿತು.

ಅಡಗಿ ಕೂತದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಹೆಂಡತಿಗಾಗಿ ಮೂರನೆಯ ಸಲ ಬಾಯಿ ತೆರೆಯದ ಗಂಡಸಿನ ಜೊತೆ ಇನ್ನು ಮೂವತ್ತು ವರ್ಷ ಹೇಗೆ ಬದುಕಲಿ? ಇಲ್ಲಿಗೆ ಬಂದಾಗಲೆಲ್ಲ "ನಂದೇ ತಪ್ಪು, ನಾನೇ ಸರಿಯಾಗಿ ನೋಡ್ಲಿಲ್ಲ" ಎನ್ನುತ್ತಾರೆ. ಅಪ್ಪನ ಹತ್ತಿರ ಹೇಳುವುದು ಒಳಗೆ ನನಗೆ ಕೇಳಿಸುತ್ತದೆ. ಅವರೇ ಒಪ್ಪಿಕೊಂಡ ಮೇಲೆ ನಾನು ಬೇರೇನು ಅಂದುಕೊಳ್ಳಲಿ?

ಕಾಗದಗಳನ್ನು ಯಾರಿಗೆ ಬೇಕಾದರೂ ತೋರಿಸಿ. ಸಂಕ್ರಾಂತಿ ಕಳೆದ ಮೇಲೆ ರಾಮನಗರದಲ್ಲಿ ವಕೀಲರನ್ನು ನೋಡಲು ಅಪ್ಪ ದಿನ ಗೊತ್ತು ಮಾಡಿದ್ದಾರೆ. ಅನುವನ್ನು ಕೋರ್ಟಿನಲ್ಲೇ ಕೇಳುತ್ತೇನೆ.

ಸುಚಿತ್ರಾ


ಕುದೂರು
9-1-2025

ಸುಚಿತ್ರಾ,

ನಿನ್ನ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ತೋರಿಸಲು ಆಗಲಿಲ್ಲ. ಯಾಕೆ ಎಂದು ಓದಿದರೆ ಗೊತ್ತಾಗುತ್ತದೆ.

ಇದನ್ನು ನಿನ್ನ ಮೇಲಿನ ಪ್ರೀತಿಯಿಂದ ಬರೆಯುತ್ತಿಲ್ಲ. ನೀನು ಈ ಮನೆಗೆ ಬಂದ ದಿನವೂ ನನಗೆ ಹಿಡಿಸಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ಮೊನ್ನೆ ಸಿದ್ದರಾಮು ಅಪ್ಪನ ಎದುರು ಕೂತು "ಎಂಡ್ರುನ್ನ ಬೆಟ್ಟದಾಗೆ ಬುಟ್ಟು ಬಂದೋನು ನಾನು ಕಣಪ್ಪ" ಅಂದ. ನಾನು ಅಲ್ಲೇ ರಾಗಿ ಕೇರುತ್ತಿದ್ದೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

ಮೂರನೆಯ ಸಲ ಕೂಗಲು ಅವನು ಬಾಯಿಯ ಎರಡೂ ಕಡೆ ಕೈ ಇಟ್ಟಿದ್ದ. ಉಸಿರು ಎಳೆದುಕೊಂಡಿದ್ದ. ನಾನು ಅವನ ತೋಳು ಹಿಡಿದು ಕೈ ಇಳಿಸಿದೆ. "ಸುಮ್ಕೆ ಯಾಕ್ ಕಿರುಚ್ತೀಯೊ, ಅವ್ಳು ಮಕ ಊದಿಸ್ಕಂಡು ಕನಕನ ಗಾಡೀಲಿ ಓದ್ಲು, ನಾನೇ ನೋಡ್ದೆ" ಅಂದೆ. ಅಕ್ಕ ಹೇಳಿದಳು ಎಂದು ನಂಬಿ ಇಳಿದ. ಆ ಮಾತನ್ನು ಅವನು ನಿನಗೆ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ. ಅಕ್ಕನಿಗೆ ಕಣ್ಣು ತಪ್ಪಿತು, ಅವಳ ಹೆಸರು ಯಾಕೆ ಎತ್ತಬೇಕು ಎಂದು ಎಲ್ಲವನ್ನೂ ತನ್ನ ತಲೆಗೆ ಹಾಕಿಕೊಂಡಿದ್ದಾನೆ.

ನನಗೆ ಕಣ್ಣು ತಪ್ಪಿರಲಿಲ್ಲ. ನೀನು ಆ ಸಂದಿಯಲ್ಲಿ ಇದ್ದದ್ದು ನನಗೆ ಕಾಣುತ್ತಿತ್ತು. ನಿನ್ನ ಸೀರೆಯ ಅಂಚು ಬೇರಿಗೆ ಸಿಕ್ಕಿಕೊಂಡಿತ್ತು.

ಒಂದು ಗಂಟೆ ಒಬ್ಬಳೇ ಕೂರಲಿ, ಒಬ್ಬಳೇ ಹೋಗುವುದು ಎಂದರೆ ಏನು ಎಂದು ತಿಳಿಯಲಿ ಎಂದುಕೊಂಡೆ. ಮಾಗಡಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ, "ಅಯ್ಯೋ, ಅವಳು ಪಿಕಪ್ಪಿನಲ್ಲಿ ಇಲ್ಲವೇನೋ" ಎಂದು ಗಾಡಿ ತಿರುಗಿಸೋಣ ಎಂಬುದು ನನ್ನ ಲೆಕ್ಕ. ಟೀ ಬಂತು. ಬಾಯಿ ಬರಲಿಲ್ಲ. ನಾನೇ ನೋಡಿದೆ ಎಂದು ಹೇಳಿ ಅರ್ಧ ಗಂಟೆ ಆಗಿತ್ತು, ಈಗ ಇಲ್ಲ ಎಂದರೆ ನನ್ನನ್ನು ಏನಂದುಕೊಳ್ಳುತ್ತಾರೆ? ಮಾಗಡಿ ದಾಟುವಾಗ ಅಪ್ಪ ಕಣ್ಣು ಬಿಟ್ಟು "ಯಾರ್ದೋ ಮಕ ಕಾಣೆ ಕಣವ್ವ, ಗಾಡಿ ನಿಲ್ಸಿ" ಅಂದರು. ಯಾರಿಗೂ ಅನ್ನಿಸಲಿಲ್ಲ ಎಂದು ಬರೆದಿದ್ದೆಯಲ್ಲ, ಅವರಿಗೆ ಅನ್ನಿಸಿತ್ತು. "ನಿಂಗೆ ವಯಸ್ಸಾಯ್ತು, ಮನೀಕೊಳ್ಳಪ್ಪ" ಅಂದವಳು ನಾನು. ಕುದೂರು ಬರುವವರೆಗೆ ಒಂದೊಂದು ಊರಿನ ಬೋರ್ಡು ಕಂಡಾಗಲೂ ಇಲ್ಲಿ ಹೇಳುತ್ತೇನೆ ಎಂದುಕೊಂಡೆ.

ಅನು ಹುಟ್ಟಿದಾಗ ನಿನಗೆ ಕಾಮಾಲೆ ಆಗಿತ್ತು. ಮೂರು ತಿಂಗಳು ಅವಳು ನನ್ನ ಎದೆಯ ಮೇಲೆ ಮಲಗಿದಳು. ಗಂಡ ಸತ್ತು, ಮಕ್ಕಳಿಲ್ಲದೆ ತವರಿಗೆ ಬಂದವಳಿಗೆ ಅದು ಏನು ಎಂದು ನಿನಗೆ ಬಿಡಿಸಿ ಹೇಳುವುದಿಲ್ಲ. ಜೂನಿಗೆ ಅವಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ನೀನು ಅಂದಾಗ ನನಗೆ ನಿನ್ನ ಮೇಲೆ ಬಂದ ದ್ವೇಷ ಇನ್ನೂ ಇಳಿದಿಲ್ಲ.

ಇದನ್ನು ಬರೆಯದೆ ಸುಮ್ಮನಿದ್ದಿದ್ದರೆ ನೀನು ವಕೀಲರ ಹತ್ತಿರ ಹೋಗುತ್ತಿದ್ದೆ. ಕೋರ್ಟು ಮುಗಿಯುವಷ್ಟರಲ್ಲಿ ಅನು ದೊಡ್ಡವಳಾಗಿರುತ್ತಿದ್ದಳು. ಅಲ್ಲಿಯವರೆಗೆ ಇಲ್ಲೇ ಇರುತ್ತಿದ್ದಳು. ಇಪ್ಪತ್ತು ದಿನ ಅದನ್ನೇ ಯೋಚಿಸಿದೆ. ಇನ್ನು ನಿನಗೆ ಬಿಟ್ಟದ್ದು. ಸಿದ್ದರಾಮುವಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ನೀನು ಹೇಳಿದರೆ ನಾನು ಇಲ್ಲ ಎನ್ನುವುದಿಲ್ಲ.

ಸರಸಮ್ಮ


ದೊಡ್ಡಮಳೂರು
16-3-2025

ಸರಸಕ್ಕ,

ನಿಮ್ಮ ಕಾಗದ ಸಂಕ್ರಾಂತಿಯ ಹಿಂದಿನ ದಿನ ಬಂತು. ಓದಿ, ಎಳ್ಳು ಹುರಿಯುತ್ತಿದ್ದ ಬಾಣಲೆಯನ್ನು ಒಲೆಯ ಮೇಲೆಯೇ ಬಿಟ್ಟು ಹಿತ್ತಿಲಿಗೆ ಹೋದೆ. ಎಳ್ಳೆಲ್ಲ ಸೀದು ಹೋಯಿತು. ಅಮ್ಮ ಬೈದರು.

ಎರಡು ತಿಂಗಳಲ್ಲಿ ನಿಮಗೆ ಬರೆಯಬೇಕು ಎಂದು ಕೂತು, ಬರೀ ಬೈಗುಳ ಬಂದು ಹರಿದು ಹಾಕಿದ್ದೇನೆ. ಅನೀಸಾ ಪಕ್ಕದಲ್ಲಿ ಕೂತಿದ್ದ ಆ ಒಂದೂವರೆ ಗಂಟೆ ನನ್ನ ಎದೆಯಲ್ಲಿ ಏನಾಯಿತು ಎಂದು ನಿಮಗೆ ಎಂದಿಗೂ ಗೊತ್ತಾಗುವುದಿಲ್ಲ. ಕಂಡೂ ಬಿಟ್ಟು ಹೋದಿರಿ. ಮರೆತು ಹೋಗಿದ್ದರೇ ವಾಸಿಯಾಗಿತ್ತು.

ವಕೀಲರ ಹತ್ತಿರ ಹೋಗಲಿಲ್ಲ. ಅಪ್ಪನಿಗೆ ಕಾರಣ ಹೇಳಲಿಲ್ಲ.

ನಿಮ್ಮ ತಮ್ಮ ಪ್ರತಿ ಶನಿವಾರ ಬರುತ್ತಿರುವುದು ನಿಮಗೆ ಗೊತ್ತಿದೆ. ಜನವರಿಯ ಕೊನೆಯ ವಾರ ಅವರನ್ನು ಒಳಗೆ ಕರೆದೆ. ಅನುವನ್ನೂ ಎರಡು ಸಲ ಕರೆತಂದರು. ಚನ್ನಪಟ್ಟಣದ ಬಸ್ ನಿಲ್ದಾಣದ ಹಿಂದೆ ಗ್ಯಾರೇಜಿಗೆ ಜಾಗ ನೋಡಿದ್ದಾರೆ, ಪರೀಕ್ಷೆ ಮುಗಿದ ಮೇಲೆ ಅನುವಿನ ಟಿ.ಸಿ. ತೆಗೆಸುತ್ತಾರೆ. ನೀವು ಬರೆಯದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಅನುವನ್ನು ಕಳೆದುಕೊಳ್ಳುತ್ತೀರಿ ಎಂದು ಗೊತ್ತಿದ್ದೂ ಬರೆದಿರಿ. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ. ಥ್ಯಾಂಕ್ಸ್ ಹೇಳುವುದಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಅವರು ಇದ್ದಕ್ಕಿದ್ದಂತೆ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಅಂದರು: "ಇನ್ನೊಂದ್ ಸಲ ಕೂಗ್ಬೇಕಿತ್ತು ಕಣೆ ನಾನು. ಅದ್ಯಾಕ್ ಕೂಗ್ನಿಲ್ವೋ, ನಂಗೇ ತಿಳೀತಾ ಇಲ್ಲ. ನೀನು ಅಲ್ಲೇ ಎಲ್ಲೋ ಇದ್ದಿರ್ತೀಯ, ಕೇಳ್ಸಿರ್ತಿತ್ತು." ಕಣ್ಣಲ್ಲಿ ನೀರಿತ್ತು. ನಿಮ್ಮ ಹೆಸರು ಆಗಲೂ ಎತ್ತಲಿಲ್ಲ.

ಹೇಳಬಹುದಿತ್ತು. ಅವರ ಕೈ ಇಳಿಸಿದವರು ನೀವು, ನಿಮಗೆ ನಾನು ಕಾಣುತ್ತಿದ್ದೆ ಎಂದು. ಹೇಳಿದರೆ ಆಮೇಲೆ ನನ್ನದನ್ನೂ ಹೇಳಬೇಕು. ಅವರ ಎರಡೂ ಕೂಗು ಕೇಳಿಸಿತ್ತು, ಅವರಿಗೆ ಗಾಬರಿಯಾಗಲಿ ಎಂದು ಉಸಿರು ಬಿಗಿಹಿಡಿದು ಕೂತಿದ್ದೆ, ಸಂತೋಷಪಟ್ಟೆ ಎಂದು. ಅವರಿಗೆ ಅಕ್ಕನೂ ಉಳಿಯುವುದಿಲ್ಲ, ಹೆಂಡತಿಯೂ ಉಳಿಯುವುದಿಲ್ಲ. ತಪ್ಪು ಮಾಡದ ಒಬ್ಬರೇ ಒಬ್ಬರು ಅವರು, ಐದು ತಿಂಗಳಿಂದ ಅವರೇ ಅಳುತ್ತಿದ್ದಾರೆ. ಅದೆಲ್ಲ ಗೊತ್ತಿದ್ದೂ ನಾನು ಸುಮ್ಮನೆ ಸಾರು ಬಡಿಸಿದೆ. "ಓಗ್ಲಿ ಬುಡಿ, ಮುಗ್ದೋಯ್ತು" ಅಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ ಎಂದುಕೊಂಡು ಅವರು ನನ್ನ ಕೈ ಹಿಡಿದುಕೊಂಡರು.

ನೀವೂ ಹೇಳಬೇಡಿ. ಸಾಯುವವರೆಗೂ ಹೇಳಬೇಡಿ. ನಿಮ್ಮನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಅನುವನ್ನು ನೋಡಲು ಬರುವುದಾದರೆ ಬನ್ನಿ, ನಾನು ಕೆಲಸಕ್ಕೆ ಹೋಗಿರುವ ಹೊತ್ತಿಗೆ ಬನ್ನಿ. ಈ ಒಂದು ವಿಷಯದಲ್ಲಿ ಮಾತ್ರ ನೀವೂ ನಾನೂ ಒಂದೇ ಮನೆಯವರು.

ಸುಚಿತ್ರಾ